ತಂದೆಯ ಮನೆಯ ಪಾಠ

ಹೆಂಡತಿಯ ಮೇಲೆ ಕೈಮಾಡುವ ಗಂಡಸು ಆ ವಿದ್ಯೆಯನ್ನು ಕಲಿತದ್ದೆಲ್ಲಿ? ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟೂಅರ್ಟ್ ಮಿಲ್ಲನು, ಸ್ತ್ರೀಯರ ಪರಾಧೀನತೆಯನ್ನು ಕುರಿತು 1869ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬಾಲ್ಯದತ್ತ ಬೆರಳು ಮಾಡಿದನು. ಯಾವ ಯೋಗ್ಯತೆಯನ್ನೂ ಗಳಿಸದೆ, ಗಂಡಾಗಿ ಹುಟ್ಟಿದ ಮಾತ್ರಕ್ಕೆ ತಾನು ಮೇಲೆಂದು ನಂಬಿ ಬೆಳೆದ ಹುಡುಗನು ಮುಂದೆ ಎಂಥ ಗಂಡನಾದಾನು? ಮನೆಯೇ ದಬ್ಬಾಳಿಕೆಯ ಪಾಠಶಾಲೆಯಾಗುತ್ತದೆಂಬುದು ಅವನ ವಾದ.

2013ರಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಪ್ರಕಟಿಸಿದ ಸಮೀಕ್ಷೆಯೊಂದಕ್ಕಾಗಿ ಏಷ್ಯ ಮತ್ತು ಶಾಂತಸಾಗರದ 6 ದೇಶಗಳಲ್ಲಿ 10,000 ಗಂಡಸರನ್ನು ವಿಚಾರಿಸಲಾಯಿತು. ಎಳವೆಯಲ್ಲಿ ಹಿಂಸೆಯುಂಡವರು, ತಾಯಿ ಏಟು ತಿನ್ನುವುದನ್ನು ಕಂಡವರು, ತಾವೂ ಸಂಗಾತಿಯನ್ನು ಹಿಂಸಿಸುವ ಸಂಭವ ಹೆಚ್ಚೆಂದು ತಿಳಿದುಬಂತು.

ಸಂಭವ ಹೆಚ್ಚೇ ಹೊರತು ವಿಧಿಲಿಖಿತವಲ್ಲ. ಮಿಲ್ಲನೂ ಅಂಜಿಕೆಯ ನೆರಳಿನಲ್ಲಿ ಬೆಳೆದವನೇ. ತಂದೆ ಜೇಮ್ಸ್ ಮಿಲ್ ಅವನಿಗೆ ಮೂರನೆಯ ವರ್ಷಕ್ಕೇ ಗ್ರೀಕ್ ಹಿಡಿಸಿದನು, ಎಂಟಕ್ಕೆ ಲ್ಯಾಟಿನ್. ತಮ್ಮ ತಂಗಿಯರಿಗೆ ಪಾಠ ಹೇಳುವ ಹೊಣೆಯೂ ಹುಡುಗನದು. ಅವರು ತಪ್ಪಿದರೆ ಉತ್ತರ ಕೊಡಬೇಕಾದವನೂ ಅವನೇ. ತಂದೆಯಲ್ಲಿ ವಾತ್ಸಲ್ಯದ ಕೊರತೆಯಿತ್ತೆಂದು 1873ರಲ್ಲಿ ಅಚ್ಚಾದ ಆತ್ಮಕಥೆ ಹೇಳುತ್ತದೆ. ತಾಯಿಯ ಮಾತಂತೂ ಅದರಲ್ಲಿ ಇಲ್ಲವೇ ಇಲ್ಲ! ಆ ಪುಸ್ತಕದ ಎಲ್ಲ ಮಾತಿಗಿಂತ ಈ ಮೌನವೇ ನನ್ನನ್ನು ಹೆಚ್ಚು ಕಾಡಿದೆ.

ಇಂಥವನು 1851ರಲ್ಲಿ ಹ್ಯಾರಿಯೆಟ್ ಟೇಲರಳನ್ನು ಕೈಹಿಡಿಯುವ ಮುನ್ನ, ಹೆಂಡತಿಯ ದೇಹದ ಮೇಲೂ ಸ್ವತ್ತಿನ ಮೇಲೂ ಕಾನೂನು ಗಂಡನಿಗೆ ಕೊಡುವ ಅಧಿಕಾರವನ್ನು ತಾನು ಒಲ್ಲೆನೆಂದು ಬರೆದಿಟ್ಟನು. ಹೆಂಗಸರನ್ನೂ ಮಕ್ಕಳನ್ನೂ ಹೊಡೆಯುವವರನ್ನು ದಂಡಿಸುವ ಮಸೂದೆ 1853ರಲ್ಲಿ ಪಾರ್ಲಿಮೆಂಟಿಗೆ ಬಂದಾಗ, ಗಂಡಹೆಂಡಿರು ಕೂಡಿಯೇ ಅದರ ಮೇಲೊಂದು ಕಿರುಹೊತ್ತಗೆಯನ್ನು ಬರೆದರು.