ನೈಲ್ ದಂಡೆಯ ಹತ್ತಿ, ನಮ್ಮ ಎರೆಹೊಲದ ಹತ್ತಿ

ಈಜಿಪ್ಟ್ ಎಂದರೆ ಶಾಲೆಯಲ್ಲಿ ನಮಗೆ ಪಿರಮಿಡ್ಡು, ನೈಲ್ ನದಿ, ಅಷ್ಟೇ. ಗರಗದವರಿಗೆ ಆ ದೇಶ ಹತ್ತಿರವಾಗುವುದು ಹತ್ತಿಯಿಂದ ಎಂದು ನನಗೆ ತಿಳಿದದ್ದು ತಡವಾಗಿ.

ಅಲ್ಲಿ ಬಹುಪಾಲು ಮರಳುಗಾಡು. ಜನವೆಲ್ಲ ನದಿಯ ದಂಡೆಯಲ್ಲೇ. ನಮ್ಮ ಎರೆಮಣ್ಣು ಮಳೆಯ ಹಸಿಯನ್ನು ಹಿಡಿದಿಟ್ಟು ಹತ್ತಿ ಕೊಡುತ್ತದೆ. ಅಲ್ಲಿ ಕಾಲುವೆ ನೀರೇ ಗತಿ. 1820ರ ದಶಕದಲ್ಲಿ ದೊರೆ ಮಹಮ್ಮದ್ ಅಲಿ ಉದ್ದ ಎಳೆಯ ಹತ್ತಿ ಬೆಳೆಸಲು ಹೊರಟಾಗ ಆ ಕಾಲುವೆಗಳನ್ನು ತೋಡಿದವರು ಬಿಟ್ಟಿ ದುಡಿದ ರೈತರು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡಿತು. ಅಲ್ಲಿಯ ಹತ್ತಿ ಸಿಗದಾದಾಗ ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಈಜಿಪ್ಟಿನ ಮೇಲೂ ಧಾರವಾಡದ ಮೇಲೂ ಬಿತ್ತು. ಎರಡೂ ಕಡೆ ದರ ಏರಿತು. 1865ರಲ್ಲಿ ಯುದ್ಧ ಮುಗಿದ ಮೇಲೆ ಇಳಿಯಿತು. ಸಾಲದಲ್ಲಿ ಮುಳುಗಿದ ದೊರೆ ಇಸ್ಮಾಯಿಲ್ 1875ರಲ್ಲಿ ಸುಯೆಜ್ ಕಾಲುವೆಯ ತನ್ನ ಪಾಲನ್ನೇ ಇಂಗ್ಲಿಷರಿಗೆ ಮಾರಿದ. 1882ರಲ್ಲಿ ಅವರ ಸೈನ್ಯವೇ ಬಂದು ಕೂತಿತು. ಸಾಲದ ಕತೆಯನ್ನು ನಮ್ಮ ರೈತರಿಗೆ ಬಿಡಿಸಿ ಹೇಳಬೇಕಿಲ್ಲ.

ಈಜಿಪ್ಟಿನವರು 1920ರಲ್ಲಿ ತಮ್ಮದೇ ಬ್ಯಾಂಕು ಕಟ್ಟಿದರು. 1927ರಲ್ಲಿ ಮಹಲ್ಲಾ ಊರಿನಲ್ಲಿ ತಮ್ಮ ಹತ್ತಿಗೆ ತಮ್ಮದೇ ಗಿರಣಿ ಹಾಕಿದರು. ನಮ್ಮವರು ಹಿಡಿದದ್ದು ಚರಕ. ಗಿರಣಿಯ ಮುಂದೆ ಅದು ಸಣ್ಣದು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಗರಗದ ಕ್ಷೇತ್ರೀಯ ಸೇವಾ ಸಂಘದ ಖಾದಿ ಇಂದಿಗೂ ರಾಷ್ಟ್ರಧ್ವಜದ ಬಟ್ಟೆಯಾಗುತ್ತದೆ.