ಕಚೇರಿ ದೂರವಾಣಿ ಮತ್ತು ಡೈರೆಕ್ಟರಿ ಸರ್ವರ್: ಇತಿಹಾಸ

ಕಚೇರಿಯ ಫೋನುಗಳನ್ನು ಸಾಮಾನ್ಯ ಕಂಪ್ಯೂಟರ್ ಸರ್ವರ್‌ಗಳಿಂದ ನಡೆಸುವುದು, ನೌಕರರ ಹೆಸರು, ಎಕ್ಸ್‌ಟೆನ್ಷನ್, ಪಾಸ್‌ವರ್ಡ್‌ಗಳನ್ನು ಒಂದೇ ಡೈರೆಕ್ಟರಿಯಲ್ಲಿ ಇಡುವುದು 1990ರ ದಶಕದ ಕೊನೆಯಲ್ಲಿ ಬೇರೂರಿದ ಪದ್ಧತಿ. ಅದಕ್ಕೂ ಮುಂಚೆ ಇಪಿಎಬಿಎಕ್ಸ್ (ಕಚೇರಿಯೊಳಗಿನ ಎಕ್ಸ್‌ಚೇಂಜ್) ನೋಡಿಕೊಳ್ಳುವವರಿಗೆ ತಂತಿ, ಅದನ್ನು ಕೂರಿಸುವ ಕ್ರೋನ್ ಟೂಲ್, ಲೈನ್ ಕಾರ್ಡುಗಳು ತಿಳಿದಿದ್ದರೆ ಕೆಲಸ ನಡೆಯುತ್ತಿತ್ತು. ಆಮೇಲೆ ಡಿಎನ್‌ಎಸ್, ಡಿಎಚ್‌ಸಿಪಿ, ಎಲ್‌ಡಿಎಪಿ ಎಂಬ ನೆಟ್‌ವರ್ಕ್ ವ್ಯವಸ್ಥೆಗಳನ್ನೂ ಕಲಿಯಬೇಕಾಯಿತು. ಫೋನಿನ ತಂತ್ರಜ್ಞಾನಕ್ಕಿಂತ ಫೋನಿನವರ ಕಸುಬೇ ಹೆಚ್ಚು ಬದಲಾಯಿತು ಎನ್ನಬಹುದು.

ಚಂದಾದಾರರ ಪಟ್ಟಿಗೆ ಮಾತ್ರ ಎಕ್ಸ್‌ಚೇಂಜಿನಷ್ಟೇ ವಯಸ್ಸು. ಅಮೆರಿಕದ ನ್ಯೂ ಹೇವನ್‌ನಲ್ಲಿ 1878ರ ಜನವರಿಯಲ್ಲಿ ಮೊದಲ ವಾಣಿಜ್ಯ ಎಕ್ಸ್‌ಚೇಂಜ್ ತೆರೆಯಿತು. ಮರು ತಿಂಗಳೇ ಐವತ್ತು ಹೆಸರುಗಳ ಒಂದು ಹಾಳೆ ಅಚ್ಚಾಯಿತು. ಅದರಲ್ಲಿ ನಂಬರುಗಳಿರಲಿಲ್ಲ. ಹೆಸರು ಹೇಳಿದರೆ ಆಪರೇಟರ್ ಜೋಡಿಸುತ್ತಿದ್ದರು. ಮುಂದಿನ ವರ್ಷ ಲೋವೆಲ್ ಪಟ್ಟಣಕ್ಕೆ ದಡಾರ ಬಂದಾಗ, ಹೆಸರುಗಳನ್ನೆಲ್ಲ ನೆನಪಿಟ್ಟುಕೊಂಡಿದ್ದ ಆಪರೇಟರ್‌ಗಳು ಮಲಗಿಬಿಟ್ಟರೆ ಗತಿಯೇನು ಎಂದು ಚಿಂತಿಸಿದ ವೈದ್ಯ ಮೋಸೆಸ್ ಗ್ರೀಲಿ ಪಾರ್ಕರ್, ಚಂದಾದಾರರಿಗೆ ನಂಬರು ಕೊಡುವಂತೆ ಸೂಚಿಸಿದರು. ಅಲ್ಲಿಂದ ನೂರು ವರ್ಷ ನಂಬರಿನದೇ ರಾಜ್ಯಭಾರ.

ಕಂಪ್ಯೂಟರ್ ಡೈರೆಕ್ಟರಿಯೂ ದೂರವಾಣಿಯವರದೇ ಕೂಸು. ದೂರಸಂಪರ್ಕ ಸಂಸ್ಥೆಗಳ ಅಂತರರಾಷ್ಟ್ರೀಯ ಸಮಿತಿಯಾದ ಸಿಸಿಐಟಿಟಿ 1988ರಲ್ಲಿ ಎಕ್ಸ್.500 ಮಾನಕವನ್ನು ಹೊರತಂದಿತು. ದೇಶ, ಸಂಸ್ಥೆ, ವಿಭಾಗ, ವ್ಯಕ್ತಿ ಎಂದು ಮರದಂತೆ ಕವಲೊಡೆಯುವ ಅದರ ರಚನೆ ಅಚ್ಚುಕಟ್ಟಾಗಿತ್ತು. ಆದರೆ ಅಂದಿನ ಮೇಜಿನ ಕಂಪ್ಯೂಟರ್‌ಗಳಿಗೆ ಅದು ತೀರಾ ಭಾರ. ಮಿಷಿಗನ್ ವಿಶ್ವವಿದ್ಯಾಲಯದ ಟಿಮ್ ಹೋವ್ಸ್ ಮತ್ತು ಸಂಗಡಿಗರು ಅದನ್ನು ಹಗುರಗೊಳಿಸಿ, ಟಿಸಿಪಿ ಮೇಲೆ ಓಡುವ ಎಲ್‌ಡಿಎಪಿಯನ್ನು 1993ರಲ್ಲಿ ಪ್ರಕಟಿಸಿದರು. 1997ರಲ್ಲಿ ಅದರ ಮೂರನೆಯ ಆವೃತ್ತಿ ಬಂತು. ಮೈಕ್ರೋಸಾಫ್ಟ್ 2000ದಲ್ಲಿ ವಿಂಡೋಸ್ ಸರ್ವರ್ ಜತೆಗೇ ಆಕ್ಟಿವ್ ಡೈರೆಕ್ಟರಿಯನ್ನು ಕೊಟ್ಟ ಮೇಲೆ ಸಣ್ಣ ಕಂಪನಿಗಳಿಗೂ ಡೈರೆಕ್ಟರಿ ಬಂತು.

ಇದೇ ಹೊತ್ತಿಗೆ ಫೋನು ನೆಟ್‌ವರ್ಕ್ ಕೇಬಲ್ಲಿಗೆ ಇಳಿದಿತ್ತು. ಸೆಲ್ಸಿಯಸ್ ಸಿಸ್ಟಮ್ಸ್ ಎಂಬ ಕಂಪನಿಯನ್ನು 1998ರಲ್ಲಿ ಕೊಂಡ ಸಿಸ್ಕೊ, ಅದರ ಕಾಲ್‌ಮ್ಯಾನೇಜರ್ ತಂತ್ರಾಂಶವನ್ನು ಬೆಳೆಸಿತು. ವಿಂಡೋಸ್ ಮೇಲೆ ಓಡುತ್ತಿದ್ದ ಅದು 2006ರ 5.0 ಆವೃತ್ತಿಯಲ್ಲಿ ಲಿನಕ್ಸ್‌ಗೆ ಹೋಯಿತು. ಈ ವ್ಯವಸ್ಥೆಯಲ್ಲಿ ಫೋನಿನ ಕೇಬಲ್ ಚುಚ್ಚಿದೊಡನೆ ನಡೆಯುವುದಿಷ್ಟು: ಸ್ವಿಚ್ಚಿನಿಂದ ವಿದ್ಯುತ್ ಬರುತ್ತದೆ, ಡಿಎಚ್‌ಸಿಪಿ ಸರ್ವರ್ ಐಪಿ ವಿಳಾಸ ಕೊಡುವಾಗಲೇ ‘ಆಪ್ಷನ್ 150’ರಲ್ಲಿ ಫೈಲು ಒದಗಿಸುವ ಟಿಎಫ್‌ಟಿಪಿ ಸರ್ವರಿನ ವಿಳಾಸವನ್ನೂ ಕೊಡುತ್ತದೆ, ಫೋನು ತನ್ನ ಮ್ಯಾಕ್ ವಿಳಾಸದ ಹೆಸರಿನಲ್ಲಿರುವ ಫೈಲನ್ನು ಅಲ್ಲಿಂದ ಇಳಿಸಿಕೊಂಡು, ಅದರಲ್ಲಿ ಸೂಚಿಸಿದ ಕಾಲ್‌ಮ್ಯಾನೇಜರ್ ಬಳಿ ನೋಂದಣಿ ಮಾಡಿಸಿಕೊಳ್ಳುತ್ತದೆ. ಎಲ್ಲಿ ಎಡವಿದರೂ ‘ಫೋನ್ ಡೆಡ್’ ಎಂಬ ಒಂದೇ ದೂರು ಬರುತ್ತದೆ. ತಂತಿ ಮಾತ್ರ ನೆಟ್ಟಗಿರುತ್ತದೆ.

ಮೈಕ್ರೋಸಾಫ್ಟ್ ಇನ್ನೂ ಮುಂದೆ ಹೋಯಿತು. ಲೈವ್ ಕಮ್ಯುನಿಕೇಷನ್ಸ್ ಸರ್ವರ್ 2003ರಿಂದ ಲಿಂಕ್ ಸರ್ವರ್ 2010ರವರೆಗೆ ಅದರ ಸರ್ವರ್‌ಗಳು ಆಕ್ಟಿವ್ ಡೈರೆಕ್ಟರಿಯ ಸ್ಕೀಮಾವನ್ನೇ, ಅಂದರೆ ದಾಖಲೆಗಳ ಚೌಕಟ್ಟನ್ನೇ, ವಿಸ್ತರಿಸಿ, ಅದಿಲ್ಲದೆ ಅಳವಡಿಸಲಾಗದ ಹಾಗೆ ಅಂಟಿಕೊಂಡವು. ಸರ್ವರ್‌ಗಳ ಗಡಿಯಾರ ಐದು ನಿಮಿಷಕ್ಕಿಂತ ಹೆಚ್ಚು ಹಿಂದುಮುಂದಾದರೆ, ಆಕ್ಟಿವ್ ಡೈರೆಕ್ಟರಿಯಲ್ಲಿ ಗುರುತು ಪರಿಶೀಲಿಸುವ ಕೆರ್ಬರೋಸ್‌ನ ರೂಢಿಯ ನಿಯಮದಂತೆ ಲಾಗಿನ್ ಸಾಗದು. ಮಾನವ ಸಂಪನ್ಮೂಲ ವಿಭಾಗದವರು ಒಬ್ಬರ ನಂಬರನ್ನು 080 ಹಾಕಿ, ಇನ್ನೊಬ್ಬರದನ್ನು +91 ಹಾಕಿ, ಮತ್ತೊಬ್ಬರದನ್ನು ಬರೀ ಎಕ್ಸ್‌ಟೆನ್ಷನ್ ಆಗಿ ಟೈಪಿಸಿಟ್ಟರೆ ಅದೂ ಫೋನಿನ ತೊಂದರೆಯೇ. ಡೈರೆಕ್ಟರಿಯ ಕಸ ಗುಡಿಸುವುದು ಫೋನ್ ತಂತ್ರಜ್ಞರ ಪಾಲಿಗೆ ಬಂದದ್ದು ಹೀಗೆ.

ಭಾರತದಲ್ಲಿ ಕಥೆಗೆ ಬೇರೊಂದು ಮಗ್ಗುಲಿದೆ. 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ 128 ಪೋರ್ಟ್ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ನಿಲ್ಲಿಸಿತು. ಹವಾನಿಯಂತ್ರಣವಿಲ್ಲದೆ ಓಡುವಂತೆ ರೂಪಿಸಿದ ಯಂತ್ರವದು. ಇಂಟರ್‌ನೆಟ್ ದೂರವಾಣಿಗೆ ಸರ್ಕಾರ 2002ರ ಏಪ್ರಿಲ್‌ನಲ್ಲಿ ಅನುಮತಿ ನೀಡಿತಾದರೂ, ಖಾಸಗಿ ಐಪಿ ಜಾಲದಲ್ಲಿ ಬಂದ ಕರೆಯನ್ನು ಸಾರ್ವಜನಿಕ ದೂರವಾಣಿ ಜಾಲಕ್ಕೆ ದಾಟಿಸಿ ಎಸ್‌ಟಿಡಿ ಶುಲ್ಕ ತಪ್ಪಿಸುವುದನ್ನು ಒಪ್ಪಲಿಲ್ಲ. ಹಾಗಾಗಿ ಬೆಂಗಳೂರಿನ ಬಹುರಾಷ್ಟ್ರೀಯ ಕಚೇರಿಗಳಲ್ಲಿ ಕಾಲ್‌ಮ್ಯಾನೇಜರ್ ಕಲಿಯುವವರು ‘ಲಾಜಿಕಲ್ ಪಾರ್ಟಿಷನಿಂಗ್’ ಎಂಬುದನ್ನೂ ಕಲಿಯಬೇಕಾಯಿತು: ಸಾಧನ ಯಾವ ಊರಿನದು ಎಂದು ಗುರುತು ಹಚ್ಚಿ, ಎರಡು ಜಾಲಗಳು ಬೆರೆಯದಂತೆ ತಡೆಯುವ ವ್ಯವಸ್ಥೆ ಅದು. ಕಾಲ್ ಸೆಂಟರ್‌ಗಳಂಥ ಸೇವಾ ಕೇಂದ್ರಗಳ ನಿಯಮಗಳನ್ನು ದೂರಸಂಪರ್ಕ ಇಲಾಖೆ 2020ರ ನವೆಂಬರ್‌ನಲ್ಲಿ, ಮತ್ತೆ 2021ರ ಜೂನ್‌ನಲ್ಲಿ ಸಡಿಲಿಸಿತು.

2017ರಲ್ಲಿ ಬಂದ ಮೈಕ್ರೋಸಾಫ್ಟ್ ಟೀಮ್ಸ್ ಮುಂದೆ ಕಚೇರಿ ಫೋನಿನ ಸ್ಥಾನಕ್ಕೂ ಬಂದಾಗ ಸರ್ವರ್ ಕೋಣೆಗಳು ಖಾಲಿಯಾಗತೊಡಗಿದವು. ಆದರೂ ನೌಕರರ ಖಾತೆ ಕಂಪನಿಯೊಳಗಿನ ಆಕ್ಟಿವ್ ಡೈರೆಕ್ಟರಿಯಿಂದ ಕ್ಲೌಡ್‌ಗೆ ನಕಲಾಗುವ ಕಡೆಗಳಲ್ಲಿ, ವಿಭಾಗ, ಹುದ್ದೆ, ಹೆಸರಿನ ಕಾಗುಣಿತಗಳನ್ನು ಇವತ್ತಿಗೂ ಒಳಗಿನ ಸರ್ವರಿನಲ್ಲೇ ತಿದ್ದಬೇಕು.