ಕೋವಿಗೆ ಬೆಲೆ ಬರುವುದು ಎಲ್ಲಿಂದ?

2015ರ ಏಪ್ರಿಲ್ 21ರಂದು ಲಂಡನ್ನಿನ ಬಾನಮ್ಸ್ ಹರಾಜು ಸಂಸ್ಥೆ ಟಿಪ್ಪು ಸುಲ್ತಾನನ ಕಾಲದ ಮೂವತ್ತು ವಸ್ತುಗಳನ್ನು ಮಾರಾಟಕ್ಕಿಟ್ಟಿತು. ಅವು ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಾಹಕರು ಕೂಡಿಸಿದವು. ಟಿಪ್ಪುವಿನ ಬಂದೂಕುಗಳ ಬಗ್ಗೆ 1992ರಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದವರು ಅವರು. ಅಂದು ಚಕಮಕಿ ಕಲ್ಲಿನ ಬೇಟೆಕೋವಿಯೊಂದು 7,22,500 ಪೌಂಡಿಗೆ ಹೋಯಿತು. ಇಡೀ ಸಂಗ್ರಹ 60 ಲಕ್ಷ ಪೌಂಡ್ ದಾಟಿತು. 2019ರಲ್ಲಿ ಬರ್ಕ್‌ಶೈರಿನ ಒಂದು ಹರಾಜಿನಲ್ಲಿ ಬೆಳ್ಳಿ ಕಟ್ಟಿನ 20 ಬೋರಿನ ಮತ್ತೊಂದು ಕೋವಿಗೆ ಸಿಕ್ಕಿದ್ದು 60,000 ಪೌಂಡ್. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ತಂದದ್ದು, ಒಂದು ಮನೆಯ ಅಟ್ಟದಲ್ಲಿ ಸಿಕ್ಕಿತು ಎಂದು ಅದು ಸುದ್ದಿಯಾಯಿತು. 2023ರಲ್ಲಿ ಬ್ರಿಟಿಷ್ ಸರ್ಕಾರ ಇನ್ನೊಂದು ಕೋವಿ ದೇಶ ಬಿಟ್ಟು ಹೋಗದಂತೆ ತಾತ್ಕಾಲಿಕ ತಡೆ ಹಾಕಿತು. ಅದರ ಮೌಲ್ಯ 20 ಲಕ್ಷ ಪೌಂಡ್.

ಒಬ್ಬನೇ ಅರಸ, ಹೆಚ್ಚುಕಡಿಮೆ ಒಂದೇ ಕಾಲ. ಆದರೂ ಒಂದಕ್ಕೆ 60 ಸಾವಿರ, ಒಂದಕ್ಕೆ 7 ಲಕ್ಷ, ಮತ್ತೊಂದಕ್ಕೆ 20 ಲಕ್ಷ. ಈ ಅಂತರ ಬಂದದ್ದು ಹೇಗೆ?

ಹಳೆಯ ಕೋವಿಯನ್ನು ಬಲ್ಲವರು ಮೊದಲು ನೋಡುವುದು ಕೆಲಸಗಾರಿಕೆಯನ್ನು. ಈ ವಿಷಯದಲ್ಲಿ ಟಿಪ್ಪುವಿನ ಅರಮನೆಯ ಕೋವಿಗಳು ತಾವೇ ಸಾಕ್ಷಿ ಹೇಳುತ್ತವೆ. ನಳಿಗೆಯ ಮೇಲೆ ಚಿನ್ನ ಬೆಳ್ಳಿಯ ಕುಸುರಿ, ಹುಲಿಯ ಪಟ್ಟೆಗಳನ್ನು ನೆನಪಿಸುವ ‘ಬಬ್ರಿ’ ಗುರುತು. ಎಷ್ಟೋ ಕೋವಿಗಳಲ್ಲಿ ತಯಾರಾದ ಊರು, ವರ್ಷ, ಮಾಡಿದವನ ಹೆಸರನ್ನೂ ಕೆತ್ತಿದ್ದಾರೆ. ‘ಪಟ್ಟಣ’ ಎಂದಿದ್ದರೆ ಶ್ರೀರಂಗಪಟ್ಟಣ, ‘ನಗರ’ ಎಂದಿದ್ದರೆ ಮಲೆನಾಡಿನ ಬಿದನೂರು. ವರ್ಷ ಟಿಪ್ಪುವೇ ಜಾರಿಗೆ ತಂದ ಮೌಲೂದಿ ಶಕೆಯದು. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದು ತಿಳಿಯದಿದ್ದರೆ ಕೋವಿಯ ವಯಸ್ಸೇ ತಪ್ಪಿಹೋಗುತ್ತದೆ.

ಎರಡನೆಯದು ಸ್ಥಿತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಚಕಮಕಿ ಕಲ್ಲು ಹಳತಾಗಿ ಕೇಪು ಬಂದಾಗ, ಬಹಳಷ್ಟು ಕೋವಿಗಳ ಲಾಕನ್ನು ಬದಲಾಯಿಸಿ ಕೇಪಿನ ಕೋವಿ ಮಾಡಿಕೊಂಡರು. ಅಂದಿನ ಬಳಕೆಗೆ ಅದು ಜಾಣತನ. ಇಂದಿನ ಸಂಗ್ರಾಹಕನಿಗೆ ಮಾತ್ರ ಅದು ನಷ್ಟ. ಮಾರುವ ಮುನ್ನ ಉಜ್ಜಿ ಫಳಫಳ ಹೊಳೆಯುವಂತೆ ಮಾಡಿದರೂ ಅಷ್ಟೇ. ಕಬ್ಬಿಣದ ಮೇಲೆ ಕಾಲ ಕೂರಿಸಿದ ಬಣ್ಣವೂ ಸವೆದ ಅಕ್ಷರವೂ ಹೋದರೆ ಬೆಲೆಯೂ ಹೋದಂತೆ.

ಮೂರನೆಯದೇ ಉಳಿದೆರಡನ್ನೂ ಮೀರಿಸುವುದು. ಈ ಕೋವಿ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬುದರ ದಾಖಲೆ. ನಾನು ದುಡಿಯುವ ಸಾಫ್ಟ್‌ವೇರ್ ಲೋಕದಲ್ಲೂ ಹಳೆಯ ಕೋಡ್ ಕೈಗೆ ಬಂದರೆ ಯಾರು, ಯಾವಾಗ, ಯಾಕೆ ಬದಲಿಸಿದರು ಎಂಬ ಲೆಕ್ಕವನ್ನೇ ಮೊದಲು ಹುಡುಕುತ್ತೇವೆ. ಆ ಲೆಕ್ಕವಿಲ್ಲದ ಕೋಡನ್ನು ಯಾರೂ ನಂಬುವುದಿಲ್ಲ. ಕೋವಿಯ ಮಾರುಕಟ್ಟೆಯೂ ಹಾಗೆಯೇ.

ಕಷ್ಟ ಇರುವುದು ಆ ಲೆಕ್ಕ ಬರೆದವರು ಯಾರು ಎಂಬಲ್ಲಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಮೊದಲು ಸೈನಿಕರ ಸುಲಿಗೆ ನಡೆಯಿತು. ಅದನ್ನು ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ಗಲ್ಲಿಗೇರಿಸಬೇಕಾಯಿತು. ಆಮೇಲೆ ನಡೆದದ್ದು ಕ್ರಮಬದ್ಧವಾದ ಸುಲಿಗೆ. ‘ಪ್ರೈಜ್ ಏಜೆಂಟ್’ ಎಂಬ ಅಧಿಕಾರಿಗಳು ಅರಮನೆಯ ಸೊತ್ತಿಗೆ ಬೆಲೆ ಕಟ್ಟಿ, ದರ್ಜೆಗೆ ತಕ್ಕಂತೆ ಸೇನೆಗೆ ಹಂಚಿದರು. ಹಂಚಿಕೆಗೆಂದು ಟಿಪ್ಪುವಿನ ಸಿಂಹಾಸನವನ್ನೇ ತುಂಡು ಮಾಡಿದರು. ಸೇನಾಪತಿ ಹ್ಯಾರಿಸನ ಪಾಲೊಂದೇ 1,40,000 ಪೌಂಡ್ ಮೀರಿತ್ತು.

ಇಂದು ಹರಾಜಿನ ಕ್ಯಾಟಲಾಗಿನಲ್ಲಿ ಬೆಲೆ ಏರಿಸುವ ಸಾಲುಗಳು ಹುಟ್ಟಿದ್ದು ಅಲ್ಲಿಂದಲೇ. ‘ಇಂಥ ಅಧಿಕಾರಿಗೆ ಸಂದದ್ದು, ಇಂಥ ಮನೆತನದಲ್ಲಿ ಉಳಿದದ್ದು’ ಎಂದು ತೋರಿಸಬಲ್ಲ ಕೋವಿಗೆ ಮರ್ಯಾದೆ. 20 ಲಕ್ಷದ ಕೋವಿಯ ಕಥೆಯನ್ನೇ ನೋಡಿ. 1793-94ರಲ್ಲಿ ಅದನ್ನು ಮಾಡಿದವನು ಅಸದ್ ಖಾನ್ ಮುಹಮ್ಮದ್. ಅದು ಕಾರ್ನ್‌ವಾಲಿಸನಿಗೆ ಉಡುಗೊರೆಯಾಗಿ ಸಂದಿತ್ತು ಎಂದು ಹೇಳುತ್ತಾರೆ. 1792ರ ಒಪ್ಪಂದದಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಪಡೆದ ಅದೇ ಕಾರ್ನ್‌ವಾಲಿಸ್. ಅವನ ಬದುಕನ್ನು ದಿನದ ಲೆಕ್ಕದಲ್ಲಿ ತಿಳಿಯಬಹುದು. ಅಸದ್ ಖಾನನದೋ, ಕಬ್ಬಿಣದ ಮೇಲೆ ತಾನೇ ಬರೆದುಕೊಂಡ ಹೆಸರು. ತನ್ನ ಕೆಲಸಕ್ಕೆ ಸಹಿ ಹಾಕಿದ್ದರಿಂದ ಮಾತ್ರ ಅವನು ಇಂದು ನಮ್ಮ ಬಾಯಲ್ಲಿದ್ದಾನೆ.

ಇದಕ್ಕೆ ಎದುರಾಗಿ ಬಿದನೂರು ನಗರವನ್ನೇ ಇಟ್ಟು ನೋಡಿ. 2018ರಲ್ಲಿ ಅಲ್ಲಿನ ಹಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಕೊಳವೆಗಳನ್ನು ರಾಜ್ಯ ಪುರಾತತ್ವ ಇಲಾಖೆ ಹೊರತೆಗೆಯಿತು. ತುಕ್ಕು ಹಿಡಿದವು, ಚಿನ್ನದ ಗೆರೆ ಇಲ್ಲದವು, ಯಾವ ಲಾರ್ಡನ ಮನೆಯನ್ನೂ ಕಾಣದವು. ಅವುಗಳಿಗೆ ಹರಾಜಿನ ಬೆಲೆ ಇಲ್ಲ. ಆದರೆ ಯಾವ ಮಣ್ಣಿನಲ್ಲಿ, ಎಷ್ಟು ಒಟ್ಟಿಗೆ, ಯಾವ ಅಳತೆಯಲ್ಲಿ ಸಿಕ್ಕವು ಎಂಬುದೆಲ್ಲ ತಿಳಿದಿದೆ. ಮೈಸೂರಿನ ಯುದ್ಧ ಹೇಗಿತ್ತು ಎಂದು ತಿಳಿಯಬೇಕಾದವನಿಗೆ ಲಕ್ಷಾಂತರ ಪೌಂಡಿನ ಬೇಟೆಕೋವಿಗಿಂತ ಈ ಕೊಳವೆಗಳೇ ಹೆಚ್ಚು ಹೇಳುತ್ತವೆ. ಬೆಲೆ ಬೇರೆ, ಮೌಲ್ಯ ಬೇರೆ ಎನ್ನುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ.

ಇದು ದೂರದ ಅರಸರ ಮಾತು ಮಾತ್ರವಲ್ಲ. ಪುಣೆ, ಚೆನ್ನೈಗಳಲ್ಲಿರುವ ನಮ್ಮಲ್ಲಿ ಕೆಲವರ ಊರುಮನೆಯಲ್ಲೂ ಅಜ್ಜನ ಕಾಲದ ಕೋವಿಯೊಂದು ಇದ್ದೀತು. ಮಲೆನಾಡಿನ ಕೇಪಿನ ಕೋವಿ, ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ತೋಕು. ಮನೆ ಪಾಲಾಗುವಾಗ ‘ಅದನ್ನೇನು ಮಾಡೋಣ’ ಎಂಬ ಪ್ರಶ್ನೆ ಬರುತ್ತದೆ. ಕಾನೂನು ಇಲ್ಲಿ ಬಿಗಿ. ನೂರು ವರ್ಷ ದಾಟಿದ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ. ಖಾಸಗಿಯವರು ಅದನ್ನು ವಿದೇಶಕ್ಕೆ ಮಾರುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಹಳೆಯ ಮಾದರಿಯ ಆಯುಧಕ್ಕೆ ವಿನಾಯಿತಿ ಕೊಡುವುದು, ರಿಪೇರಿ ಮಾಡಿದರೂ ಅದು ಹಾರದು ಎಂಬಂತಿದ್ದರೆ ಮಾತ್ರ. ಬ್ರಿಟನ್ನಿನಲ್ಲಿ ಪುರಾತನ ಕೋವಿಯನ್ನು ಅಲಂಕಾರಕ್ಕೆಂದು ಪರವಾನಗಿ ಇಲ್ಲದೆಯೇ ಇಟ್ಟುಕೊಳ್ಳಬಹುದು. ಲಂಡನ್ನಿನ ಬೆಲೆ ನೋಡಿ ಊರಿನ ಕೋವಿಗೆ ಲೆಕ್ಕ ಹಾಕಿದರೆ ಅದು ತಾಳೆಯಾಗುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಉಜ್ಜಬೇಡಿ. ಗುಜರಿಗೆ ಹಾಕಬೇಡಿ. ಪರವಾನಗಿ ಕಾಗದಗಳನ್ನು ಸರಿಯಾಗಿಟ್ಟುಕೊಳ್ಳಿ, ಗುರುತುಗಳ ಫೋಟೋ ತೆಗೆಯಿರಿ. ಮುಖ್ಯವಾಗಿ, ಯಾರು ಕೊಂಡರು, ಯಾವ ಊರಿನ ಕಮ್ಮಾರ ದುರಸ್ತಿ ಮಾಡಿದ, ಯಾವ ಹಂದಿಬೇಟೆಗೆ ಹೋಗಿತ್ತು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಶ್ರೀರಂಗಪಟ್ಟಣದ ಕೋವಿಗಳ ಕಥೆಯನ್ನು ಗೆದ್ದವರು ಬರೆದರು, ಬೆಲೆಯನ್ನೂ ಅವರೇ ಕಟ್ಟಿದರು. ನಮ್ಮ ಮನೆಯ ಕೋವಿಯ ಕಥೆ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ.